ಬಾಯಿಬಿಟ್ಟ ಬಂಡೆ

ಹೊಂಗೆಕೊಪ್ಪಲಿನ ಕೆರೆಯ ಏರಿ ಮುಗಿಯುವಲ್ಲಿ, ಹೆಚ್ಚಾದ ನೀರು ಹೊರಬೀಳುವ ಕೋಡಿಗೆ ತಾಗಿಕೊಂಡು, ಆನೆ ಮಲಗಿದಂಥ ಕರಿಬಂಡೆಯೊಂದಿದೆ. ನೆತ್ತಿಯ ಮೇಲೊಂದು ಮರದ ಶಿಲುಬೆ. ಬಾಯಿಬಿಟ್ಟ ಬಂಡೆಯೆಂಬ ಹೆಸರು ಕೇಳಿ ಬಂದವರು ಬಿರುಕು ಹುಡುಕುತ್ತ ಒಂದು ಸುತ್ತು ಹಾಕುತ್ತಾರೆ. ಬಿರುಕೇನೂ ಸಿಗುವುದಿಲ್ಲ. ಬಾಯಿಬಿಟ್ಟವನು ಅದರ ಮೇಲೆ ನಿಂತ ಮನುಷ್ಯ ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ ಇಲ್ಲಿನ ಕ್ರೈಸ್ತ ಒಕ್ಕಲುಗಳಲ್ಲಿ ಇನ್ನಾಸಪ್ಪನೆಂಬವನಿದ್ದ. ಅವನ ಗದ್ದೆ ಎತ್ತರದಲ್ಲಿತ್ತು. ಕೆರೆ ತುಂಬಿ ನಿಂತರೆ ಮಾತ್ರ ಅದಕ್ಕೆ ನೀರು. ಒಂದು ವರ್ಷ ಎರಡನೆಯ ಬೆಳೆಯ ಆಸೆಗೆ ಬಿದ್ದು, ಯಾರಿಗೂ ತಿಳಿಯದಂತೆ ಕೋಡಿಗೆ ಕಲ್ಲುಮಣ್ಣು ಒಡ್ಡಿದ. ಅದರ ಬೆನ್ನಿಗೇ ಹಿಂಗಾರು ಹುಚ್ಚೆದ್ದು ಸುರಿಯಿತು. ಹೋಗಲು ದಾರಿಯಿಲ್ಲದ ನೀರು ಏರಿಯನ್ನೇ ಒಡೆದು ಕೆಳಗಿನ ಕೇರಿಯ ಮೇಲೆ ನುಗ್ಗಿತು. ಹೆಣಗಳನ್ನು ಗದ್ದೆಯ ಕೆಸರಿನಿಂದ ಎಳೆದು ತೆಗೆದರಂತೆ. ಕೆಲವು ಸಿಗಲೇ ಇಲ್ಲ. ಕೋಡಿ ಕಾಯುವುದು ನೀರುಗಂಟಿಯ ಕೆಲಸ. ನೀರುಗಂಟಿ ಅರುಳಪ್ಪ ಇನ್ನಾಸಪ್ಪನ ಜೊತೆಗೇ ಆಡಿ ಬೆಳೆದವನು. ತಾನು ನೋಡಿದಾಗ ಕೋಡಿ ತೆರೆದೇ ಇತ್ತೆಂದು ಅವನು ಪಂಚಾಯ್ತಿಯಲ್ಲಿ ದೇವರಾಣೆ ಇಟ್ಟ. ಯಾರೂ ನಂಬಲಿಲ್ಲ. ಗೆಳೆಯನಾದರೂ ಒಂದು ಮಾತು ಆಡಿಯಾನೆಂದು ಅವನ ಕಣ್ಣು ಗುಂಪಿನಲ್ಲಿ ಇನ್ನಾಸಪ್ಪನನ್ನು ಹುಡುಕಿತು. ಇನ್ನಾಸಪ್ಪ ತಲೆ ತಗ್ಗಿಸಿದ. ಅರುಳಪ್ಪನನ್ನು ಊರಿಂದ ಹೊಡೆದಟ್ಟಿದರು. ತುಂಬಿದ ಬಸುರಿಯಾಗಿದ್ದ ಹೆಂಡತಿ ಆರೋಗ್ಯಮ್ಮ ಹಿಂದೆಯೇ ಉಳಿದಳು.

ಅಲ್ಲಿಂದಾಚೆಗೆ ಇನ್ನಾಸಪ್ಪ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹೊತ್ತು, ಮೊಣಕಾಲಲ್ಲೇ ಬಂಡೆ ಹತ್ತತೊಡಗಿದ. ಕಲ್ಲಿನ ಮೇಲೆ ರಕ್ತ ಉಳಿಯುತ್ತಿತ್ತು. ಜನ ಅವನನ್ನು ಪುಣ್ಯವಂತನೆಂದರು. ಕೆಲವು ವರ್ಷಗಳ ಮೇಲೆ ಒಂದು ದಿನ ಆರೋಗ್ಯಮ್ಮನೇ ಮಗಳನ್ನು ಕರೆತಂದು ಅವನೆದುರು ನಿಲ್ಲಿಸಿದಳು. ಗಂಡನ ಆಣೆಯನ್ನು ಅಷ್ಟು ಹೊತ್ತಿಗೆ ಅವಳೂ ನಂಬದಾಗಿದ್ದಳು.

"ನಿನ್ನ ಪ್ರಾರ್ಥನೆ ದೇವರಿಗೆ ಮುಟ್ಟುತ್ತೆ, ಇನ್ನಾಸಣ್ಣ. ಇವಳಪ್ಪನ ಪಾಪ ಕಳೀಲಿ ಅಂತ ಬೇಡ್ಕೊ."

ಇನ್ನಾಸಪ್ಪ ಅಲ್ಲಿಂದೆದ್ದವನು ನೇರ ಗುಡಿಗೆ ಹೋಗಿ ಪಾದ್ರಿ ಗುರುಗಳ ಬಳಿ ಪಾಪನಿವೇದನೆ ಮಾಡಿಕೊಂಡ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ಹೇಳಿದ್ದರಿಂದ ನಮಗೆ ತಿಳಿದಿದೆ. ಗುರುಗಳು ಕೇಳಿದರಂತೆ: "ದೇವರ ಮುಂದೆ ಇಷ್ಟು ವರ್ಷ ಅತ್ತಿದ್ದೀಯ, ಮಗನೇ. ಆ ಹೆಣ್ಣುಮಗಳ ಮುಂದೆ ಯಾವಾಗ ಅಳ್ತೀಯಾ?"

ಶುಭ ಶುಕ್ರವಾರದಂದು ಊರೆಲ್ಲ ಬಂಡೆಯ ಕೆಳಗೆ ಸೇರಿತ್ತು. ಇನ್ನಾಸಪ್ಪ ಈ ಸಲ ಕಾಲ ಮೇಲೆಯೇ ನಡೆದು ಹತ್ತಿ, ಶಿಲುಬೆ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ಕೋಡಿ ಕಟ್ಟಿದವನು ನಾನು. ಅರುಳಪ್ಪ ಹೇಳಿದ್ದು ನಿಜ." ಮಕ್ಕಳನ್ನು ಕಳೆದುಕೊಂಡವರು ಕಲ್ಲೆತ್ತಿಕೊಂಡರು. ಅವನು ಓಡಲಿಲ್ಲ. ಅಂದೇ ಅವನ ಒಂದು ಕಣ್ಣು ಹೋಯಿತು. ಗುರುಗಳು ಅಡ್ಡ ಬಂದು ನಿಲ್ಲದಿದ್ದರೆ ಜೀವವೂ ಹೋಗುತ್ತಿತ್ತು. ಆರೋಗ್ಯಮ್ಮ ಅಳಲಿಲ್ಲ, ಶಪಿಸಲಿಲ್ಲ. ಹೋಗಿ ನಮ್ಮ ಮನೆಯವರನ್ನು ಕರೆದುಕೊಂಡು ಬಾ ಎಂದಷ್ಟೇ ಹೇಳಿದಳು.

ಅವನು ಗಾಯ ಮಾಯುವ ಮುಂಚೆಯೇ ಹೊರಟ. ಊರೂರು ಅಲೆದು ವಿಚಾರಿಸಿದ. ಕಡೆಗೆ ಘಟ್ಟದ ದಾರಿಯ ಒಂದು ಛತ್ರದಲ್ಲಿ, ಅರುಳಪ್ಪ ಎಂದೋ ಜ್ವರ ಬಂದು ಸತ್ತನೆಂದೂ, ರಸ್ತೆಯ ಮಗ್ಗುಲಲ್ಲೇ ಹೂತರೆಂದೂ ತಿಳಿಯಿತು. ಹಾಗೆಯೇ ಎಲ್ಲಿಯಾದರೂ ತಲೆಮರೆಸಿಕೊಳ್ಳಬಹುದಿತ್ತು. ಅವನು ಆ ಗುಂಡಿಯ ಮಣ್ಣನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಹಿಂದಿರುಗಿ, ಅವಳ ಬಾಗಿಲಲ್ಲಿ ನಿಂತ.

"ಅತ್ತಿಗೆ, ಇಷ್ಟೇ ತರೋಕಾಗಿದ್ದು."

ಅವಳು ಗಂಟನ್ನು ಮಡಿಲಿಗೆ ತೆಗೆದುಕೊಂಡಳು. "ನೀನು ಹೇಳಿದ್ದು ಊರಿಗೆಲ್ಲ ಕೇಳಿಸ್ತು. ಅವರಿಗೆ ಕೇಳಿಸಲಿಲ್ಲ."

ಕ್ಷಮಿಸಿದೆನೆಂದು ಅವಳು ಕೊನೆಯವರೆಗೂ ಅನ್ನಲಿಲ್ಲವಂತೆ. ಅವನೂ ಕೇಳಲಿಲ್ಲ. ಗದ್ದೆಯನ್ನು ಕೆಳಗಿನ ಕೇರಿಯವರಿಗೆ ಬಿಟ್ಟುಕೊಟ್ಟು, ಸಾಯುವ ತನಕ ಅರುಳಪ್ಪನ ಕೆಲಸವನ್ನು ತಾನು ಮಾಡಿದ.

ಇಂದಿಗೂ ಗುಡಿಯ ಹಿಂದಿನ ಸಮಾಧಿಗಳಲ್ಲಿ, ಆ ಹಿಡಿ ಮಣ್ಣಿನ ಮೇಲೆ ನೆಟ್ಟ ಸಣ್ಣ ಕಲ್ಲನ್ನು ಕಾಣಬಹುದು. ಓದು ಬಾರದ ಕೈ ಕೊರೆದ ಅಕ್ಷರಗಳು, ಸಾಲು ಸೊಟ್ಟ: ನೀರುಗಂಟಿ ಅರುಳಪ್ಪ, ತಪ್ಪಿಲ್ಲದವನು. ಕೊರೆದ ಇನ್ನಾಸಪ್ಪನಿಗೆ ಅಲ್ಲಿ ಸಮಾಧಿಯಿಲ್ಲ. ಅವನ ಬೇಡಿಕೆಯಂತೆಯೇ ಕೋಡಿಯ ಕೆಳಗೆ ಮಣ್ಣು ಮಾಡಿದರು ಎನ್ನುತ್ತಾರೆ. ಕೆರೆ ತುಂಬಿದ ವರ್ಷ ನೀರು ಅವನ ಮೇಲೆ ಹಾದು ಗದ್ದೆಗಳಿಗೆ ಇಳಿಯುತ್ತದೆ.