ಹೊನ್ನವ್ವನ ಸರದಿ

ಹೊಳೆಯ ದಂಡೆಯಲ್ಲಿ ಹಾಲಪ್ಪ ಗುರುಗಳ ಆಶ್ರಮ. ಅಲ್ಲಿ ಪಾಠ ಅಂದರೆ ಒಂದು ಆಟ.

ಆಟದ ಬಿಲ್ಲೆಗಳನ್ನು ಮಾಡಿದವಳು ಗುರುಗಳ ಹೆಂಡತಿ ಹೊನ್ನವ್ವ. ಕುಂಬಾರರ ಮಗಳು. ಅಂಗೈಯಗಲದ ಮಣ್ಣಿನ ಬಿಲ್ಲೆಗಳು, ಚೌಕ, ಚೆನ್ನಾಗಿ ಸುಟ್ಟದ್ದು. ಒಂದೊಂದು ಅಂಚಿಗೂ ಒಂದು ಗುರುತು ಕೊರೆದಿದ್ದಳು. ನೀರು, ಕಾಡು, ಹುಲ್ಲು, ಕಲ್ಲು.

ಚೀಲದೊಳಗಿಂದ ನೋಡದೆ ಒಂದು ಬಿಲ್ಲೆ ತೆಗೆಯಬೇಕು. ಹಲಗೆಯ ಮೇಲೆ ಇಡಬೇಕು. ನೀರಿಗೆ ನೀರೇ ಕೂಡಬೇಕು, ಕಾಡಿಗೆ ಕಾಡೇ. ಕಾಡು ಬೆಳೆಸಿದವರಿಗೆ ನವಿಲು, ಹೊಳೆ ಬೆಳೆಸಿದವರಿಗೆ ನೀರುನಾಯಿ. ನೀರು ಮುಂದೆ ಹರಿಯಲು ಒಂದೂ ಬಾಯಿ ಉಳಿಯದಿದ್ದರೆ ಆಟ ಮುಗಿಯಿತು. ಹೆಚ್ಚು ಪ್ರಾಣಿ ಯಾರಿಗೋ ಅವರು ಗೆದ್ದರು.

ಇಟ್ಟ ಬಿಲ್ಲೆ ಎತ್ತುವ ಹಾಗಿಲ್ಲ.

ಕಲಿಯಲು ಅರ್ಧ ದಿನ ಸಾಕು. ಹೊನ್ನವ್ವನನ್ನು ಸೋಲಿಸಲು ಗುರುಗಳಿಗೆ ನಲವತ್ತು ವರ್ಷ ಸಾಲಲಿಲ್ಲ.

ಒಂದು ಮಧ್ಯಾಹ್ನ ಆಡುತ್ತಿರುವಾಗಲೇ ಹೊನ್ನವ್ವನಿಗೆ ಜ್ವರ ಬಂತು. ಆಗಷ್ಟೇ ತೆಗೆದ ಬಿಲ್ಲೆಯನ್ನು ಹಲಗೆಯ ಪಕ್ಕಕ್ಕೆ ಇಟ್ಟಳು.

"ನಾಳೆ ಇಡುತ್ತೇನೆ" ಅಂದು ಎದ್ದಳು.

ಮೂರನೇ ದಿನ ತೀರಿಕೊಂಡಳು.

ಗುರುಗಳು ಅತ್ತಿದ್ದನ್ನು ಯಾರೂ ನೋಡಲಿಲ್ಲ. ಮಣ್ಣು ಮಾಡಿ ಬಂದು ಒಂದೇ ಮಾತು ಹೇಳಿದರು.

"ಈ ಹಲಗೆ ಮುಟ್ಟಿದವನು ಅವತ್ತೇ ಆಶ್ರಮ ಬಿಡಬೇಕು."

ಹನ್ನೊಂದು ತಿಂಗಳು ಆಯಿತು. ಪಾಠ ನಿಂತಿತು. ಯಾರು ಕೇಳಿದರೂ ಗುರುಗಳದು ಒಂದೇ ಉತ್ತರ.

"ಅವಳ ಸರದಿ. ಅವಳು ಇಡಲಿ, ಆಮೇಲೆ ನೋಡೋಣ."

ಶಿಷ್ಯರು ಒಬ್ಬೊಬ್ಬರೇ ಹೋದರು. ಇಬ್ಬರು ಉಳಿದರು. ಅಡುಗೆ ಮಾಡುವ ಕೊಟ್ರ. ಆರು ವರ್ಷ ಹೊನ್ನವ್ವನ ಮಣ್ಣು ತುಳಿದ ಭರಮ. ಭರಮನಿಗೆ ಹೋಗಲು ಬೇರೆ ಊರಿರಲಿಲ್ಲ.

ಒಂದು ಬೆಳಿಗ್ಗೆ ಒಬ್ಬಳು ಹೆಂಗಸು ಬಂದಳು. ಎರಡು ದಿನ ನಡೆದಿದ್ದಳು. ಕಾಲು ಒಡೆದಿತ್ತು.

"ಪಾಠ ಬೇಕು, ಗುರುಗಳೇ."

ಗುರುಗಳು ಹಲಗೆ ತೋರಿಸಿದರು. "ಅವಳ ಸರದಿ."

ಹೆಂಗಸು ಹಲಗೆ ನೋಡಿದಳು. ಅದರ ಆಚೆ ಖಾಲಿ ಮಣೆ ನೋಡಿದಳು. ಬುತ್ತಿಗಂಟು ಎತ್ತಿಕೊಂಡು ಬಂದ ದಾರಿಯಲ್ಲೇ ನಡೆದಳು.

ಗುರುಗಳು ಸ್ನಾನಕ್ಕೆ ಹೊಳೆಗೆ ಹೋದರು.

ಭರಮ ತನ್ನ ಬಟ್ಟೆ ಗಂಟು ಕಟ್ಟಿದ. ಬಾಗಿಲ ಬಳಿ ಇಟ್ಟ. ಬಂದು ಖಾಲಿ ಮಣೆಯ ಮೇಲೆ ಕೂತ.

ಕೊಟ್ರ ಅಡುಗೆಮನೆಯಿಂದ ಓಡಿ ಬಂದ. "ಏ! ಅದು ಅವ್ವನ ಮಣೆ! ತಲೆ ಕೆಟ್ಟಿದೆಯಾ ನಿನಗೆ?"

"ಅಜ್ಜ ಏನಂದರು? ಇಡಲಿ, ಆಮೇಲೆ ನೋಡೋಣ ಅಂದರು. ಯಾರಾದರೂ ಇಡಬೇಕಲ್ಲ."

"ಅವಳು ಇಡಲಿ ಅಂದರು. ನಿನಗೇನು ಸೀರೆ ಉಡಿಸಲಾ?"

ಭರಮ ಬಿಲ್ಲೆ ಕೈಗೆತ್ತಿಕೊಂಡ. ಎರಡು ಅಂಚಿಗೆ ನೀರು, ಒಂದಕ್ಕೆ ಕಾಡು, ಒಂದಕ್ಕೆ ಕಲ್ಲು. ಹನ್ನೊಂದು ತಿಂಗಳ ಧೂಳು ಒರೆಸಿದ.

ಕೊಟ್ರನಿಗೂ ತಡೆಯಲಾಗಲಿಲ್ಲ. "ಇಡುವುದಾದರೆ ಆ ಮೂಲೆಗೆ ಇಡು ಮಾರಾಯ. ಹೊಳೆ ಮುಚ್ಚುತ್ತದೆ, ಅವ್ವ ಗೆಲ್ಲುತ್ತಾಳೆ. ಹೇಗೂ ಹೊರಟವನು, ಅವಳನ್ನು ಗೆಲ್ಲಿಸಿಯಾದರೂ ಹೋಗು."

"ಅಲ್ಲಿ ಅಲ್ಲ."

ಭರಮ ಬಿಲ್ಲೆಯನ್ನು ಎರಡು ಸಲ ತಿರುಗಿಸಿದ. ಹಲಗೆಯ ಇನ್ನೊಂದು ತುದಿಗೆ, ಕಲ್ಲಿಗೆ ಕಲ್ಲು ಕೂಡಿಸಿ ಇಟ್ಟ. ಬರೀ ಕಲ್ಲಿದ್ದ ಕಡೆ ಹೊಸ ಹಳ್ಳ ಒಂದು ಹುಟ್ಟಿತು.

"ಥೂ, ದಡ್ಡ" ಅಂದ ಕೊಟ್ರ. ಅಡುಗೆಮನೆ ಸೇರಿಕೊಂಡ.

ಗುರುಗಳು ಒದ್ದೆ ಪಂಚೆಯಲ್ಲಿ ಬಂದರು. ಹಲಗೆ ಕಂಡಿತು. ನಿಂತರು. ಪಂಚೆಯ ನೀರು ನೆಲಕ್ಕೆ ತೊಟ್ಟಿಕ್ಕಿತು.

"ಯಾರು?"

"ನಾನು, ಅಜ್ಜಾ."

"ಇಟ್ಟದ್ದು ಎತ್ತಲು ಬರುವುದಿಲ್ಲ. ಗೊತ್ತಲ್ಲ?"

"ಗೊತ್ತು."

"ಹಲಗೆ ಮುಟ್ಟಿದವನು ಏನು ಮಾಡಬೇಕು, ಅದೂ ಗೊತ್ತಲ್ಲ?"

"ಗೊತ್ತು. ಗಂಟು ಕಟ್ಟಿಟ್ಟೇ ಕೂತೆ."

ಗುರುಗಳು ತಮ್ಮ ಮಣೆಯ ಮೇಲೆ ಕೂತರು. ಬಹಳ ಹೊತ್ತು ನೋಡಿದರು.

"ಆ ಮೂಲೆಗೆ ಇಟ್ಟಿದ್ದರೆ ಗೆಲುವು ಅವಳದು. ಕಾಣಲಿಲ್ಲವಾ?"

"ಕಂಡಿತು. ಅವ್ವ ಗೆಲ್ಲುತ್ತಿದ್ದಳು. ಆಟ ಮುಗಿಯುತ್ತಿತ್ತು."

"ಮುಗಿದರೆ ಏನು?"

"ನಿಮ್ಮ ಜೊತೆ ಆಟ ಮುಗಿಸಲು ಅವ್ವ ಅವಸರ ಮಾಡಿದ್ದನ್ನು ನಾನು ಆರು ವರ್ಷದಲ್ಲಿ ಕಂಡಿಲ್ಲ. ಅವ್ವ ಇಡುವುದು ಇಲ್ಲೇ. ಬೇಕಾದರೆ ಆಣೆ ಮಾಡುತ್ತೇನೆ."

ಗುರುಗಳು ನಕ್ಕುಬಿಟ್ಟರು. ಕೊಟ್ರ ಸೌಟು ಹಿಡಿದೇ ಇಣುಕಿ ನೋಡಿದ. ಹನ್ನೊಂದು ತಿಂಗಳಲ್ಲಿ ಆ ಸದ್ದು ಕೇಳಿರಲಿಲ್ಲ.

"ಆಣೆ ಗೀಣೆ ಮಾಡಬೇಡ, ಸುಳ್ಳಾಗುತ್ತದೆ. ಅವಳು ಅಲ್ಲಿ ಇಡುತ್ತಿರಲಿಲ್ಲ ಕಣೋ."

"ಮತ್ತೆ ಎಲ್ಲಿ?"

ಗುರುಗಳು ಒಂದು ಜಾಗ ಬೆರಳಿನಿಂದ ತೋರಿಸಿದರು. ಅದು ಅವರದೇ ಕಾಡಿನ ಅಂಚು.

"ಇಲ್ಲಿ. ನನ್ನ ನವಿಲಿನ ಪಕ್ಕ. ನನ್ನ ಕಾಡನ್ನು ಅವಳೇ ಬೆಳೆಸುತ್ತಿದ್ದಳು. ನಾನು ಗೆದ್ದೆ ಅಂತ ಹಿಗ್ಗಬೇಕು. ಸಂಜೆಯೊಳಗೆ ಮಣ್ಣು ಮುಕ್ಕಿಸುತ್ತಿದ್ದಳು. ನಲವತ್ತು ವರ್ಷ ಹೀಗೇ. ಪ್ರತಿ ಸಲ ನಾನು ನಂಬುತ್ತಿದ್ದೆ."

ಭರಮನ ಮುಖ ಇಳಿಯಿತು. "ಹಾಗಾದರೆ ನಾನು ತಪ್ಪು ಇಟ್ಟೆ."

"ತಪ್ಪೇನಿಲ್ಲ. ಇದು ಅವಳ ಆಟ ಅಲ್ಲ. ನಿನ್ನದು."

ಭರಮ ಎದ್ದ. ಗುರುಗಳ ಕಾಲು ಮುಟ್ಟಿದ. ಹೋಗಿ ಗಂಟು ಎತ್ತಿಕೊಂಡ.

"ಎಲ್ಲಿಗೆ?"

"ಅವತ್ತೇ ಬಿಡಬೇಕು ಅಂದಿದ್ದಿರಿ."

"ಅಂದಿದ್ದೆ."

ಗುರುಗಳು ಬಿಲ್ಲೆಯ ಚೀಲ ಹತ್ತಿರಕ್ಕೆ ಎಳೆದುಕೊಂಡರು.

"ಆಡುತ್ತಾ ಆಡುತ್ತಾ ಎದ್ದು ಹೋಗುವವರು ಈ ಮನೆಗೆ ಒಬ್ಬರು ಸಾಕು."

ಭರಮ ಗಂಟು ಹಿಡಿದೇ ನಿಂತ. "ಮತ್ತೆ ಯಾವಾಗ ಹೋಗಲಿ?"

"ಆಟ ಮುಗಿದ ಮೇಲೆ."

ಗುರುಗಳು ಚೀಲಕ್ಕೆ ಕೈ ಹಾಕಿದರು. ಕೈ ಒಳಗೇ ಬಹಳ ಹೊತ್ತು ಇತ್ತು. ಬಿಲ್ಲೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಒಂದನ್ನು ತೆಗೆದರು.

ಮೂರು ಅಂಚಿಗೆ ನೀರು.

ಅದನ್ನು ಭರಮನ ಹಳ್ಳಕ್ಕೆ ಕೂಡಿಸಿದರು. ಹಳ್ಳ ಮುಂದೆ ಹೋಗಿ ಎರಡು ಕಡೆ ಬಾಯಿ ಬಿಟ್ಟಿತು.

"ಕೊಟ್ರಾ, ಸೌಟು ಇಟ್ಟು ಓಡು. ಆ ಹೆಂಗಸಿನ ಕಾಲು ಒಡೆದಿದೆ, ಬಹಳ ದೂರ ಹೋಗಿರಲಿಕ್ಕಿಲ್ಲ. ಕರೆದುಕೊಂಡು ಬಾ."

ಆಮೇಲೆ ಚೀಲವನ್ನು ಭರಮನ ಕಡೆಗೆ ತಳ್ಳಿದರು.

"ನಿನ್ನ ಸರದಿ."