ಜಾಲಿಯ ಕೆಳಗಿನ ದಾರಿ

ಸ್ಮಶಾನದ ದಾರಿಯಲ್ಲಿ ಬಳ್ಳಾರಿ ಜಾಲಿ ಬೆಳೆಸಿ, ಇದು ನನ್ನ ಹೊಲ ಎಂದ ಶಿವಲಿಂಗನಗೌಡ. ಹತ್ತು ವರ್ಷ ಕೇರಿಯವರು ಹೆಣ ಹೊತ್ತು ಎರಡು ಮೈಲಿ ಸುತ್ತಿದರು. ಕೊನೆಗೆ ಅರ್ಜಿ ಕೊಟ್ಟರು. ಅಳೆಯಲು ಡ್ರೋನ್ ಬಂತು. ಅದರ ಪೆಟ್ಟಿಗೆ ಹೊತ್ತು ಬಂದವನು ಸರ್ವೆ ಕಚೇರಿಯ ಜವಾನ ಹೊನ್ನೂರಪ್ಪ, ಅದೇ ಕೇರಿಯವನು.

"ಲೇ, ಇಲ್ಲಿ ದಾರಿ ಇರಲಿಲ್ಲ ಅಂತ ಬರಕೊಡು. ಇಲ್ಲಾಂದ್ರೆ ನಿನ್ನ ನೌಕರಿ ಉಳಿಯಂಗಿಲ್ಲ," ಎಂದ ಗೌಡ.

"ಜವಾನ ಬರೆದದ್ದನ್ನ ಯಾರು ನಂಬ್ತಾರ್ರೀ ಗೌಡ್ರೆ? ಡ್ರೋನ್ ತೋರಿಸಿದ್ದಕ್ಕೆ ಒಪ್ಪಿಗೆ ಅಂತ ನೀವೇ ಬರೆದು ಸಹಿ ಹಾಕ್ರಿ. ಆಮೇಲೆ ಯಾರೂ ತಕರಾರು ಎತ್ತಂಗಿಲ್ಲ."

ಮಗಳ ಮದುವೆಯಲ್ಲಿ ಡ್ರೋನ್ ಫೋಟೊ ತೆಗೆದದ್ದನ್ನು ಗೌಡ ಕಂಡಿದ್ದ. ಮೇಲಿನಿಂದ ಕಾಣುವುದು ಜಾಲಿಯೊಂದೇ. ನಗುತ್ತ ಸಹಿ ಹಾಕಿದ.

ವಾರದ ಮೇಲೆ ಹೊನ್ನೂರಪ್ಪ ನಕ್ಷೆ ತಂದ. ಅದರಲ್ಲಿ ಒಂದು ಗಿಡವೂ ಇಲ್ಲ. ಬರಿಯ ನೆಲ, ಆ ನೆಲದಲ್ಲಿ ತಲೆತಲಾಂತರದ ಕಾಲುಗಳು ತುಳಿದು ತಗ್ಗಾದ ದಾರಿ, ನೇರ ಸ್ಮಶಾನಕ್ಕೆ.

"ನನ್ನ ಜಾಲಿ ಎಲ್ಲಿ?" ಎಂದ ಗೌಡ.

"ಅದು ಫೋಟೊ ಅಲ್ರೀ. ಈ ಡ್ರೋನ್ ಲೇಸರ್ ಬೆಳಕು ಬಿಟ್ಟು, ಅದು ತಾಗಿ ತಿರುಗಿ ಬರೋ ಹೊತ್ತಿನ ಮೇಲೆ ದೂರ ಲೆಕ್ಕ ಹಾಕ್ತೈತಿ. ಎಲೆಗೆ ತಾಗಿದ್ದು ಬೇಗ ಬರ್ತೈತಿ. ಸಂದಿಯಲ್ಲಿ ಇಳಿದು ನೆಲಕ್ಕೆ ತಾಗಿದ್ದು ತಡವಾಗಿ ಬರ್ತೈತಿ. ಎಲೆಯಿಂದ ಬಂದದ್ದನ್ನ ತೆಗೆದ್ರೆ ಉಳಿಯೋದು ನೆಲಾನೇ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಜವಾನನಿಗೆ ನೀವು ಹೇಳ್ತೀರಿ, ಗೌಡ್ರೆ. ಅವನನ್ನ ಕೇಳೋ ರೂಢಿ ನಿಮ್ಮ ಮನೆತನದಾಗೆ ಎಲ್ಲೈತಿ?"