ಒಬ್ಬನೇ ಬಂದವನಿಗೆ ಪುಕ್ಕಟೆ

ಆಶ್ರಮದ ಶಿಷ್ಯ ಮುರಿಗೆಪ್ಪ ಊರೂರು ತಿರುಗಿ ಬರಲು ಅಪ್ಪಣೆ ಕೇಳಿದ.

ಅಜ್ಜ ಹೊಳೆಯ ದಂಡೆಯ ಮೇಲೆ ಕೂತು ಧೋತರ ಒಗೆಯುತ್ತಿದ್ದರು. ಆಶ್ರಮಕ್ಕೆ ಅವರೇ ಗುರು. ಆದರೆ ಗುರುಗಳೇ ಎಂದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಅವರು ಅಜ್ಜ.

"ಯಾರ ಜೋಡಿ ಹೊಂಟೀ?"

"ಒಬ್ನ ಹೋಗ್ತೀನ್ರಿ ಅಜ್ಜಾರ. ಗುಡ್ಡ, ಗವಿ, ಹಳೇ ಗುಡಿ ಎಲ್ಲಾ ನೋಡಬೇಕಂತ ಆಸೆ ಐತಿ. ಕೆಂಪು ಬಸ್ಸಿಗೆ ಹೋಗೋದು, ಛತ್ರದಾಗ ಮಲಗೋದು, ಸಿಕ್ಕಿದ್ದು ಉಣ್ಣೋದು. ಭಾಳ ರೊಕ್ಕ ಬೇಕಾಗಂಗಿಲ್ಲ."

"ಅಲ್ಲಿ ಮೋಸ ಮಾಡೋರು ಇರ್ತಾರ."

"ರೊಕ್ಕ ಇದ್ದಾಂವಗ ಮೋಸ ಮಾಡ್ತಾರ್ರಿ. ನನ್ನ ಹತ್ರ ಏನೈತಿ ಅಂತ ಕಸ್ಗೋತಾರ?"

ಅಜ್ಜ ಧೋತರ ಹಿಂಡಿ ಹೆಗಲ ಮೇಲೆ ಹಾಕಿಕೊಂಡರು.

"ಹೋಗಿ ಬಾ. ಹುಣ್ಣಿವಿಗೆ ಬರಲಿಲ್ಲಂದ್ರ ನಾನ ಹುಡುಕ್ಕೊಂಡು ಬರ್ತೀನಿ."

ಮುದುಕರಿಗೆ ಇದೇನು ಚಿಂತೆ ಎಂದು ಮುರಿಗೆಪ್ಪ ನಕ್ಕ. ಮರುದಿನ ಬೆಳಿಗ್ಗೆಯೇ ಚೀಲ ಹೆಗಲಿಗೇರಿಸಿ ಹೊರಟ.

ಮೊದಲ ದಿನವೇ ಒಬ್ಬ ಅವನಿಗೆ ಋಷಿಯ ಬಾಣದಿಂದ ಚಿಮ್ಮಿದ ತೀರ್ಥ ಕುಡಿಸಿದ. ಕುಡಿದು, ಕಣ್ಣಿಗೊತ್ತಿಕೊಂಡು, ಗೋಡೆಯ ಆಚೆ ಹೋಗಿ ನೋಡಿದರೆ ಅಲ್ಲಿ ಬೋರ್‌ವೆಲ್ ಗುಡುಗುಡು ಅನ್ನುತ್ತಿತ್ತು. ಮರುದಿನ ಒಬ್ಬ ಆಟೋದವನು ನಾಲ್ಕು ಗುಡಿ ತೋರಿಸುತ್ತೇನೆಂದು ಹತ್ತಿಸಿಕೊಂಡು ಒಂದೇ ಗುಡಿಯನ್ನು ನಾಲ್ಕು ಬಾಗಿಲಿನಿಂದ ತೋರಿಸಿದ. ಮೂರನೆಯ ಸಲ ಒಳಗೆ ಹೋದಾಗ ಪೂಜಾರಿ ನಕ್ಕ ಮೇಲೆಯೇ ನಮ್ಮ ಮುರಿಗೆಪ್ಪನಿಗೆ ಅದು ತಿಳಿದದ್ದು.

ಇನ್ನೊಂದು ಊರಿನಲ್ಲಿ ಲಾಡ್ಜಿನವನು, ಕಡೇ ಬಸ್ಸು ಹೋತು, ಎಂದು ಕೋಣೆ ಕೊಟ್ಟ. ಕೋಣೆಯ ಕಿಟಕಿ ತೆರೆದರೆ ಬಸ್ಸು ಆಗ ತಾನೇ ಹೊರಡುತ್ತಿತ್ತು.

ಅವನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಇನ್ನು ಮೇಲೆ ಯಾರಿಗೂ, ಯಾವುದಕ್ಕೂ ಒಂದು ಪೈಸೆ ಬಿಚ್ಚುವುದಿಲ್ಲ ಎಂದು ನಿರ್ಧಾರ ಮಾಡಿದ.

ಐದನೆಯ ದಿನ ನಡುಮಧ್ಯಾಹ್ನ ಅವನು ಒಂದು ಗುಡ್ಡದ ಬುಡದಲ್ಲಿ ಬಸ್ಸಿಳಿದ. ಯಾಕೆ ಅಲ್ಲಿಯೇ ಇಳಿದನೋ ಅವನಿಗೂ ಗೊತ್ತಿಲ್ಲ. ಅಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲಿನಲ್ಲಿ ಒಬ್ಬ ಮನುಷ್ಯ ಮಾತ್ರ ನಿಂತಿದ್ದ, ಆ ಬಸ್ಸಿಗೇ ಕಾಯುತ್ತಿದ್ದವನ ಹಾಗೆ. ಆದರೆ ಬಸ್ಸು ಹತ್ತಲಿಲ್ಲ.

"ನನ್ನ ಹೆಸರು ಯಂಕೋಬ," ಎಂದ. "ಬಂದವರಿಗೆ ಗವಿ ತೋರಸ್ತೀನಿ. ಒಬ್ನ ಬಂದೀಯೇನ್ ತಮ್ಮಾ?"

"ಹೌದ್ರಿ. ನನ್ನ ಹತ್ರ ರೊಕ್ಕ ಇಲ್ಲ."

"ರೊಕ್ಕ ಯಾರು ಕೇಳಿದ್ರು? ಇಲ್ಲಿಗೆ ಬಂದೀ ಅಂತ ಯಾರಿಗರ ಗೊತ್ತೈತೇನು?"

"ಇಲ್ಲಿ ಇಳಿತೀನಂತ ನನಗ ಗೊತ್ತಿರಲಿಲ್ರಿ."

ಯಂಕೋಬ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಸಂತೆಯಲ್ಲಿ ಕುಂಬಳಕಾಯಿಯನ್ನು ಬಡಿದು ನೋಡಿದವನ ಹಾಗೆ ತಲೆಯಾಡಿಸಿದ.

"ಹಂಗಾರ ನಿನಗ ಎಲ್ಲಾ ಪುಕ್ಕಟೆ."

ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ಓಡಬೇಕು. ಮುರಿಗೆಪ್ಪ ಓಡಲಿಲ್ಲ. ಪುಕ್ಕಟೆ ಅಂದ ಮೇಲೆ ಮೋಸ ಎಲ್ಲಿ ಬಂತು ಎಂದುಕೊಂಡ. ಐದು ದಿನ ಜೇಬನ್ನೊಂದೇ ಕಾದುಕೊಂಡು ಬಂದವನಿಗೆ ಬೇರೆ ಏನನ್ನು ಕಾಯಬೇಕೋ ತಿಳಿದಿರಲಿಲ್ಲ.

ಗುಡ್ಡದ ಮೇಲೆ ಗವಿಯಿತ್ತು. ಮುಂದೆ ತೆಂಗಿನಕಾಯಿ ಅಂಗಡಿ, ಟಿಕೆಟ್ಟಿನ ಕಿಂಡಿ, ಕಟ್ಟು ಹಾಕಿಸಿದ ಫೋಟೋಗಳ ಸಾಲು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದರು: ಮಾತಾಡದ ಮುನಿ, ಮುನ್ನೂರು ವರ್ಷದಿಂದ ಕೂತಲ್ಲಿಯೇ.

ಫೋಟೋಗಳಲ್ಲಿ ಗಡ್ಡ ಬಿಟ್ಟ ಒಬ್ಬ ಮನುಷ್ಯ ಕಣ್ಣು ತಗ್ಗಿಸಿ ಕೂತಿದ್ದ. ನೋಡಿದರೆ ಯಾರಾದರೂ ಆಗಬಹುದಾದ ಮುಖ.

"ಮುನಿಗೋಳಿಗೆ ಇವತ್ತ ಆರಾಮ ಇಲ್ಲ," ಎಂದ ಯಂಕೋಬ. "ಮಂದಿ ದೂರದಿಂದ ಬಂದಾರ. ನೀ ಒಂದ್ ತಾಸು ಅವರ ಜಾಗಾದಾಗ ಕುಂದ್ರು. ಊಟ, ಹಾಸಿಗಿ ನಮ್ಮದು."

"ನಾನೇನ್ರಿ? ಮಂದಿಗೆ ಗೊತ್ತಾಗಂಗಿಲ್ಲೇನು?"

"ಮಾರಿ ಯಾರೂ ನೋಡಂಗಿಲ್ಲ. ಮಾತಾಡಬ್ಯಾಡ, ತಲಿ ಎತ್ತಬ್ಯಾಡ, ಅಲಗಾಡಬ್ಯಾಡ. ಇಷ್ಟ ಕೆಲಸ."

"ಗಡ್ಡ?"

"ಬರ್ತೈತಿ."

ಯಂಕೋಬ ಅವನಿಗೆ ಒಂದು ಕಾವಿ ಶಾಲು ಹೊದಿಸಿದ. ಶಾಲು ಇನ್ನೂ ಬೆಚ್ಚಗಿತ್ತು. ಕೂರುವ ಕಲ್ಲಿನ ಮೇಲೆ ಮೊಣಕಾಲು ಊರಿ ಊರಿ ಎರಡು ಕುಳಿ ಬಿದ್ದಿದ್ದವು. ಮುರಿಗೆಪ್ಪ ಕೂತಾಗ ಅವನ ಮೊಣಕಾಲು ಅಳತೆ ಕೊಟ್ಟು ಮಾಡಿಸಿದಂತೆ ಅವುಗಳಲ್ಲಿ ಇಳಿದವು.

ಜನ ಬಂದರು. ಹೂ ಇಟ್ಟರು, ಹಣ್ಣು ಇಟ್ಟರು. ಒಬ್ಬ ಮುದುಕಿ, ಮಗಳು ಮಾತು ಬಿಟ್ಟು ಆರು ವರ್ಷವಾಯಿತೆಂದು ಹೇಳಿಕೊಂಡು ಅತ್ತಳು. ಒಬ್ಬ ಲಾರಿ ಡ್ರೈವರ್ ಏನೂ ಹೇಳದೆ ಬಹಳ ಹೊತ್ತು ಕೂತಿದ್ದು ಎದ್ದು ಹೋದ.

ನಿಜ ಹೇಳಬೇಕೆಂದರೆ ಮುರಿಗೆಪ್ಪನಿಗೆ ಸುಖವೆನಿಸಿತು. ಐದು ದಿನ ಕಂಡ ಕಂಡವರೆಲ್ಲ ಅವನಿಗೆ ಟೋಪಿ ಹಾಕಿದ್ದರು. ಈಗ ಎಲ್ಲರೂ ಕಾಲಿಗೆ ಬೀಳುತ್ತಿದ್ದರು.

ಸಂಜೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಂತು.

"ನಾಳೆ ಮುಂಜಾನೆ ಬಸ್ಸಿಗೆ ಹೋಗ್ತೀನ್ರಿ," ಎಂದ ಮುರಿಗೆಪ್ಪ.

"ಹೋಗು. ಯಾರು ಬ್ಯಾಡಂದ್ರು?"

ಬೆಳಿಗ್ಗೆ ಎಚ್ಚರವಾದಾಗ ಅವನು ಕಲ್ಲಿನ ಮೇಲೆ ಕೂತಿದ್ದ. ಶಾಲು ಹೊದ್ದಿದ್ದ. ಎದುರಿಗೆ ಆಗಲೇ ಸಾಲು ನಿಂತಿತ್ತು. ಹಾಸಿಗೆಯಿಂದ ಎದ್ದದ್ದು, ನಡೆದು ಬಂದದ್ದು ಅವನಿಗೆ ನೆನಪಿರಲಿಲ್ಲ.

ಆ ಸಂಜೆ ಅವನು ಕೇಳಿದ, "ಆರಾಮಿಲ್ಲದ ಮುನಿಗೋಳು ಎಲ್ಲಿ ಅದಾರ್ರಿ?"

"ಹ್ವಾದ."

"ಎಲ್ಲಿಗೆ?"

"ನೀ ಬಂದ ಬಸ್ಸು ಹೊಳ್ಳಿ ಬಂದಾಗ ಅದಕ್ಕ ಹತ್ತಿ," ಎಂದ ಯಂಕೋಬ, ಮತ್ತು ಇನ್ನೊಂದು ರೊಟ್ಟಿ ಬಡಿಸಿದ.

ಅಂದು ಮುರಿಗೆಪ್ಪನಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಬೆಳಿಗ್ಗೆ ಮುದುಕಿ ಮತ್ತೆ ಬಂದಾಗ, ಅವ್ವಾ, ನಾ ಮುನಿ ಅಲ್ಲ, ಎಂದು ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ. ತುಟಿ ಬಿಚ್ಚಿತು. ದನಿ ಬರಲಿಲ್ಲ.

ಎಷ್ಟು ದಿನ ಕಳೆದವೋ. ಗಡ್ಡ ಎದೆ ಮುಟ್ಟಿತು. ಅಷ್ಟು ಉದ್ದ ಗಡ್ಡಕ್ಕೆ ವರ್ಷಗಳೇ ಬೇಕು ಎಂಬುದು ಅವನಿಗೆ ಒಮ್ಮೊಮ್ಮೆ ಹೊಳೆಯುತ್ತಿತ್ತು. ಆಮೇಲೆ ಅದೂ ಮರೆಯುತ್ತಿತ್ತು.

ಒಂದು ದಿನ ಒಬ್ಬ ಹೆಂಗಸು ಹಳೆಯ ಫೋಟೋ ಹಿಡಿದುಕೊಂಡು ಬಂದಳು. ಪಕ್ಕದಲ್ಲಿದ್ದ ಗಂಡನಿಗೆ ಹೇಳುತ್ತಿದ್ದಳು, "ನೋಡ್ರಿ, ಇದು ನಮ್ಮ ಅವ್ವ ತಗೊಂಡ ಫೋಟೋ. ನಾ ಇನ್ನೂ ಹುಟ್ಟಿರಲಿಲ್ಲ. ಅದ ಮಾರಿ ಅಲ್ಲೇನ್ರಿ? ಒಂದ್ ಕೂದಲಾ ಬದಲಾಗಿಲ್ಲ."

ಅವಳು ಫೋಟೋವನ್ನು ಅವನ ಮುಂದೆ ನೆಲಕ್ಕಿಟ್ಟು ನಮಸ್ಕಾರ ಮಾಡಿದಳು. ಮುರಿಗೆಪ್ಪ ತಗ್ಗಿಸಿದ ಕಣ್ಣಿನಲ್ಲೇ ನೋಡಿದ. ಎಡ ಹುಬ್ಬಿನ ಮೇಲೆ, ಚಿಕ್ಕವನಿದ್ದಾಗ ಮರದಿಂದ ಬಿದ್ದು ಆದ ಗಾಯದ ಗೆರೆ. ತುಸು ತೆರೆದ ತುಟಿಯ ನಡುವೆ ಮುರಿದ ಮುಂದಿನ ಹಲ್ಲು. ಅದು ಅವನದೇ ಮುಖವಾಗಿತ್ತು.

ಅವನು ಕೂಗಿದ. ಗವಿಯಲ್ಲಿ ಸದ್ದೇ ಆಗಲಿಲ್ಲ. ಸಾಲು ಮುಂದಕ್ಕೆ ಸರಿಯಿತು.

ಆ ಸಾಲಿನಲ್ಲಿ ಒಂದು ಮಧ್ಯಾಹ್ನ ಅಜ್ಜ ನಿಂತಿದ್ದರು.

ಕೈಯಲ್ಲಿ ಎಲ್ಲರಂತೆ ಟಿಕೆಟ್ಟು. ಬಗಲಲ್ಲಿ ಬಟ್ಟೆಯ ಚೀಲ. ತಮ್ಮ ಸರದಿ ಬರುವವರೆಗೂ ಕಾದರು. ಮುಂದೆ ಬಂದು ನಿಂತರೂ ಕೈ ಮುಗಿಯಲಿಲ್ಲ, ಹೂವನ್ನೂ ಇಡಲಿಲ್ಲ. ಮುರಿಗೆಪ್ಪನ ಕಣ್ಣಿನಿಂದ ನೀರು ಇಳಿಯಿತು. ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ ಎಂದು ಅವನು ಒಳಗೊಳಗೇ ಬೇಡಿಕೊಂಡ. ಇವರೂ ಉಳಿದವರಂತೆ ನೋಡಿ ಹೊರಟುಬಿಟ್ಟರೆ ತಾನು ಈ ಕಲ್ಲಿಗೇ ಸೇರಿಹೋಗುತ್ತೇನೆ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು.

ಅಜ್ಜ ಕಲ್ಲಿನ ಅಂಚನ್ನು ಕೈಯಿಂದ ತಟ್ಟಿದರು.

"ಒಂದೀಟು ಸರೀರಿ, ಯಪ್ಪಾ," ಎಂದರು. "ಮೂರು ಮಂದಿ ಸೀಟೈತಿ."

ಕೆಂಪು ಬಸ್ಸಿನಲ್ಲಿ ಓಡಾಡಿದವರಿಗೆ ಇದು ಗೊತ್ತು. ಆ ಮಾತು ಬಿದ್ದರೆ ಮನುಷ್ಯ ವಿಚಾರ ಮಾಡುವುದಿಲ್ಲ. ನಿದ್ದೆಯಲ್ಲಿದ್ದರೂ ಕುಂಡಿ ತಾನೇ ಸರಿಯುತ್ತದೆ.

ಮುರಿಗೆಪ್ಪ ಸರಿದ.

ಕುಳಿಯಿಂದ ಮೊಣಕಾಲು ಹೊರಬಂತು. ಸಾಲಿನಲ್ಲಿ ಯಾರೋ, ಮುನಿ ಅಲಗಾಡಿದ್ರು, ಎಂದು ಚೀರಿದರು. ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಜ್ಜ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿಯಾದ ಜಾಗದಲ್ಲಿ ಕೂತರು.

ಮುರಿಗೆಪ್ಪನ ಗಂಟಲು ಬಿಚ್ಚಿತು.

"ಅಜ್ಜಾರ, ನಡೀರಿ ಹೋಗೂಣು."

ಅಜ್ಜ ಮಾತಾಡಲಿಲ್ಲ. ಅವರ ಮೊಣಕಾಲು ಆ ಎರಡು ಕುಳಿಗಳಲ್ಲಿ ಇಳಿದಿದ್ದವು, ಸರಿಯಾಗಿ. ಅವರ ಕಣ್ಣು ತಗ್ಗಿತ್ತು.

"ಅಜ್ಜಾರ?"

ಕೈ ಹಿಡಿದು ಎಳೆದ. ಕೈ ತಣ್ಣಗಿತ್ತು, ಕಲ್ಲಿನಷ್ಟು ಭಾರವಾಗಿತ್ತು. ಇಷ್ಟು ದಿನ ತಾನು ಕೂತಿದ್ದಾಗಲೂ ಆಗದಿದ್ದಷ್ಟು ಹೆದರಿಕೆ ಮುರಿಗೆಪ್ಪನಿಗೆ ಆ ಗಳಿಗೆಯಲ್ಲಿ ಆಯಿತು. ಜನರೆಲ್ಲ ನೋಡುತ್ತಿದ್ದಂತೆಯೇ ಅವನು ಮಗುವಿನ ಹಾಗೆ ಅಳುತ್ತಾ ಎರಡೂ ಕೈಯಿಂದ ಎಳೆದ.

ಅಜ್ಜ ಕಣ್ಣು ಮೇಲೆತ್ತಿದರು.

"ಹಾಂ," ಎಂದರು. "ನಡಿ."

ಬಾಗಿಲಲ್ಲಿ ಯಂಕೋಬ ನಿಂತಿದ್ದ. ಅವನು ಅವರನ್ನು ತಡೆಯಲಿಲ್ಲ.

"ಆರಾಮ ಅದೀಯೇನು?" ಎಂದು ಅಜ್ಜನನ್ನು ಕೇಳಿದ. ಓರಗೆಯವನನ್ನು ಕೇಳುವಂತೆ ಏಕವಚನದಲ್ಲಿ ಕೇಳಿದ. ಅವನಿಗೆ ನಲವತ್ತರ ಮೇಲೆ ಇರಲಿಕ್ಕಿಲ್ಲ. ಅಜ್ಜನಿಗೆ ಎಂಬತ್ತು ದಾಟಿತ್ತು.

"ಹಂಗ ನಡದೈತಿ," ಎಂದರು ಅಜ್ಜ.

ಮೆಟ್ಟಿಲಿಳಿಯುವಾಗ ಹಿಂದೆ ಗಂಟೆ ಮೊಳಗಿತು. ಸಾಲು ಮತ್ತೆ ಮುಂದಕ್ಕೆ ಸರಿಯುತ್ತಿರುವ ಸದ್ದು ಕೇಳಿತು.

"ಒಳಗ ಈಗ ಯಾರು ಕುಂತಾರ್ರಿ?"

"ತಿರುಗಿ ನೋಡಬ್ಯಾಡ. ಬಸ್ಸು ಬಂತು."

ಬಸ್ಸು ಬದಲಿಸುವ ಊರಿನಲ್ಲಿ ಅಜ್ಜ ಅವನಿಗೆ ಕ್ಷೌರ ಮಾಡಿಸಿದರು. ಕ್ಷೌರಿಕ ಕೆಲಸ ಮುಗಿಸಿ ಕನ್ನಡಿ ಹಿಡಿದಾಗ ಮುರಿಗೆಪ್ಪ ಕಣ್ಣು ಮುಚ್ಚಿಕೊಂಡ.

"ಚಲೋ ಆಗೇತಿ, ನೋಡ್ರಿ," ಎಂದ ಕ್ಷೌರಿಕ.

"ಬ್ಯಾಡ್ರಿ."

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತು. ನೆಲದ ಮೇಲೆ ಬಿದ್ದ ಗಡ್ಡವನ್ನು ಕ್ಷೌರಿಕ ಎರಡು ಸಲ ಮೊರದಲ್ಲಿ ತುಂಬಿ ಹೊರಗೆ ಹಾಕಿದ.

ಆಶ್ರಮ ತಲುಪಿದ ಮೇಲೆ ಮುರಿಗೆಪ್ಪ ಮೂರು ದಿನ ಅಜ್ಜನ ಬೆನ್ನು ಬಿಡಲಿಲ್ಲ. ಹೊಳೆಗೆ ಹೋದರೆ ಹಿಂದೆ, ಅಡುಗೆಮನೆಗೆ ಹೋದರೆ ಹಿಂದೆ. ನಾಲ್ಕನೆಯ ದಿನ ಬೆಳಿಗ್ಗೆ, ಎಂದಿನಂತೆ, ಸುತ್ತಲಿನ ಊರುಗಳಿಂದ ಜನ ಬಂದರು.

ಅಜ್ಜ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತರು. ಜನ ಹಣ್ಣು ಇಟ್ಟರು, ಕಷ್ಟ ಹೇಳಿಕೊಂಡರು. ಒಬ್ಬಳು ಅತ್ತಳು. ಅಜ್ಜ ಕಣ್ಣು ತಗ್ಗಿಸಿ ಕೇಳುತ್ತಿದ್ದರು. ಹನ್ನೊಂದು ವರ್ಷದಿಂದ ಮುರಿಗೆಪ್ಪ ನೋಡುತ್ತಾ ಬಂದದ್ದೇ ಇದು. ಅಂದು ಮಾತ್ರ ಅವನಿಗೆ ಅದನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ಮರದ ಆ ಕಡೆ ಹೋಗಿ ಕೂತ.

ಜನ ಹೋದ ಮೇಲೆ ಹತ್ತಿರ ಬಂದ.

"ಅಜ್ಜಾರ, ನೀವೂ ಆ ಗವಿಯಾಗ ಕುಂತಿದ್ರೇನ್ರಿ?"

"ಕುಂತಿದ್ದೆ. ಆಗ ನಿನ್ನಷ್ಟ ವಯಸ್ಸು. ನಾನೂ ಒಬ್ನ ಹೋಗಿದ್ದೆ, ಕಿಸೆದಾಗ ಏನೂ ಇಲ್ಲದ."

"ಆವಾಗೂ ಅದ ಯಂಕೋಬನ?"

"ಅದ ಯಂಕೋಬ. ಆಗ ಬಸ್ಸಿರಲಿಲ್ಲ. ಚಕ್ಕಡಿ ಇಳಿಯೂ ಜಾಗಾದಾಗ ನಿಂತಿದ್ದ."

ಹೊಳೆಯ ಮೇಲಿನಿಂದ ಗಾಳಿ ಬಂತು. ಬೇವಿನ ಎಲೆಗಳು ಅಜ್ಜನ ಹೆಗಲ ಮೇಲೆ ಬಿದ್ದವು. ಅವರು ಕೊಡವಿಕೊಳ್ಳಲಿಲ್ಲ.

ಮುರಿಗೆಪ್ಪ ಅವರ ಕಾಲು ಹಿಡಿದುಕೊಂಡ.

"ನಾ ಇನ್ನ ಎಲ್ಲಿಗೂ ಹೋಗಂಗಿಲ್ರಿ ಅಜ್ಜಾರ. ಸಾಯೂತನಕ ಇಲ್ಲೇ, ನಿಮ್ಮ ಪಾದದ ಹತ್ರ ಕುಂತುಬಿಡ್ತೀನಿ. ನೀವು ಬಂದು ನನ್ನ ಎಬ್ಬಿಸಿದ್ರಿ. ನೀವು ಬರದಿದ್ರ ನನ್ನ ಗತಿ ಏನಿತ್ತು?"

ಮುರಿಗೆಪ್ಪ ತಲೆಯೆತ್ತಿ ಅವರ ಮುಖ ನೋಡಿದ.

"ನಿಮ್ಮನ್ನ ಯಾರ್ರಿ ಎಬ್ಬಿಸಿದ್ದು?"

ಅಜ್ಜ ತಗ್ಗಿಸಿದ ಕಣ್ಣನ್ನು ಮೇಲೆತ್ತದೆ ಕೇಳಿದರು:

"ನಾ ಎದ್ದೀನಿ ಅಂತ ನಿನಗ ಯಾರು ಹೇಳಿದ್ರು?"